ಕುಡಗೋಲಿನ ಹದ, ಕಮ್ಮಾರನ ಹೆಸರು

ನಮ್ಮ ಗದಗ ಸೀಮೆಯ ರೈತನು ನೆರೆಯವನಿಗೆ ಎತ್ತು ಕೊಟ್ಟಾನು, ಚಕ್ಕಡಿ ಕೊಟ್ಟಾನು, ಬಿತ್ತಿಗೆಯ ಕಾಲದಲ್ಲಿ ಕೂರಿಗೆಯನ್ನೂ ಕೊಟ್ಟಾನು. ತನ್ನ ಕೈಗೆ ಒಗ್ಗಿದ ಕುಡಗೋಲನ್ನು ಮಾತ್ರ ಸುಲಭವಾಗಿ ಕೊಡಲಾರ. ಅದು ಸವೆದು ಹೋದರೂ ಹೊಸದು ಇಂಥ ಕುಲುಮೆಯಲ್ಲಿಯೇ ಹುಟ್ಟಬೇಕೆಂದು ಹಟ ಹಿಡಿಯುವವರನ್ನು ಕೋಟುಮಚಗಿಯ ಎರೆ ಹೊಲಗಳ ಬದುವಿನಲ್ಲಿ ನಾನು ಕಂಡಿದ್ದೇನೆ. ಇದೇ ಹಟವನ್ನು ಸಹ್ಯಾದ್ರಿಯ ಗುಡ್ಡಗಳನ್ನು ಏರಲು ಹೋಗುವ ನನ್ನ ಕಾಲೇಜಿನ ತರುಣರಲ್ಲಿಯೂ ಕಂಡಿದ್ದೇನೆ. ಅವರ ಜೇಬಿನ ಚಾಕು ಸ್ವಿಟ್ಜರ್ಲಂಡಿನದು. ಅದರ ಮೇಲೆ ಒಂದು ಪುಟ್ಟ ಶಿಲುಬೆಯ ಗುರುತು. ಆ ಗುರುತಿಲ್ಲದ ಚಾಕು ಎಷ್ಟೇ ಅಗ್ಗವಾಗಲಿ, ಅವರಿಗೆ ಬೇಡ. ಕೊಡೆಯ ವಿಷಯದಲ್ಲಿ, ಬುತ್ತಿಯ ಡಬ್ಬಿಯ ವಿಷಯದಲ್ಲಿ ಇಲ್ಲದ ಈ ನಿಷ್ಠೆ ಅಲಗಿನ ವಿಷಯದಲ್ಲಿ ಮಾತ್ರ ಏಕೆ? ಇದಕ್ಕೆ ಚರಿತ್ರೆಯಲ್ಲಿ ಉತ್ತರವಿದೆ ಎಂದು ನನ್ನ ನಂಬಿಕೆ.

ಕೋಟುಮಚಗಿ ಗದಗಿನಿಂದ ನರೇಗಲ್ಲಿಗೆ ಹೋಗುವ ದಾರಿಯಲ್ಲಿರುವ ಹಳೆಯ ಊರು. ಕಲ್ಯಾಣ ಚಾಲುಕ್ಯರ ಐದನೆಯ ವಿಕ್ರಮಾದಿತ್ಯನ ಕಾಲದ, ಶಕ ವರ್ಷ 934ರ, ಎಂದರೆ ಕ್ರಿ. ಶ. 1012ರ ಶಾಸನವೊಂದು ಇಲ್ಲಿ ದೊರೆತಿದೆ. ದಾನಶಾಸನಗಳು ನಮ್ಮ ನಾಡಿನಲ್ಲಿ ಸಾವಿರಾರು. ಈ ಶಾಸನದ ವಿಶೇಷವೆಂದರೆ ಊರಿನಲ್ಲಿ ನಡೆಯಬಹುದಾದ ತಪ್ಪುಗಳಿಗೆ ದಂಡದ ಪಟ್ಟಿಯನ್ನೇ ಇದು ಕೊಡುತ್ತದೆ. ಬೈದರೆ 2 ಪಣ, ಹೊಡೆದರೆ 12 ಪಣ, ಸುರಿಗೆಯನ್ನು ಒರೆಯಿಂದ ಹೊರಗೆಳೆದರೆ 3 ಗದ್ಯಾಣ, ಇರಿದರೆ 12 ಗದ್ಯಾಣ. ಇರಿಯುವ ಮಾತು ಹಾಗಿರಲಿ, ಬರಿದೆ ಹೊರಗೆಳೆದರೂ ದಂಡ ತಪ್ಪದು! ಸುರಿಗೆ ಅಂದಿನ ಜನರ ಸೊಂಟದಲ್ಲಿ ದಿನನಿತ್ಯ ಇರುತ್ತಿದ್ದ ವಸ್ತುವಾಗಿರದಿದ್ದರೆ ಇಂಥ ಕಟ್ಟಳೆಯ ಅಗತ್ಯವೇ ಇರುತ್ತಿರಲಿಲ್ಲ. ಸಾವಿರ ವರ್ಷಗಳ ಹಿಂದೆಯೇ ಈ ಊರಿಗೂ ಅಲಗಿಗೂ ಹತ್ತಿರದ ನಂಟು ಇತ್ತೆಂದು ಇದರಿಂದ ತಿಳಿಯುತ್ತದೆ.

ಭಾಷೆಯ ಕಡೆಗೆ ನೋಡಿದರೆ ಇನ್ನೊಂದು ಸ್ವಾರಸ್ಯ ಕಾಣುತ್ತದೆ. ಸುರಿಗೆ ಎಂಬುದು ಸಂಸ್ಕೃತದ ಛುರಿಕಾ ಶಬ್ದದ ತದ್ಭವ. ಮುಂದೆ ಬಂದ ಚಾಕು ಪಾರಸಿಯ ದಾರಿ ಹಿಡಿದು ಬಂದುದು. ಬ್ಲೇಡಂತೂ ಇಂಗ್ಲಿಷರ ಜೊತೆಗೆ ಬಂದಿತು. ಸೊಂಟದಲ್ಲಿ, ಜೇಬಿನಲ್ಲಿ ಇಟ್ಟುಕೊಳ್ಳುವ ಅಲಗು ಹೀಗೆ ಕಾಲಕಾಲಕ್ಕೆ ಹೆಸರು ಬದಲಿಸಿತು. ಆದರೆ ಹೊಲಕ್ಕೆ ಹೋಗುವ ಕುಡಗೋಲು, ಕೊಡಲಿ ಇವೆಲ್ಲ ಅಚ್ಚಗನ್ನಡದ ಹೆಸರುಗಳನ್ನೇ ಉಳಿಸಿಕೊಂಡವು. ಅವು ಪೇಟೆಯಿಂದ ಬಂದವಲ್ಲ. ಊರ ಕುಲುಮೆಯಲ್ಲಿ, ಗುರುತಿನ ಮನುಷ್ಯನ ಕೈಯಲ್ಲಿ ಹುಟ್ಟಿದವು.

ಆ ಗುರುತಿನ ಮನುಷ್ಯನೇ ಈ ಕಥೆಯ ಮುಖ್ಯ ಪಾತ್ರ. ಬಟ್ಟೆಯನ್ನು ಮುಟ್ಟಿ ನೋಡಿ ಕೊಳ್ಳಬಹುದು. ಗಡಿಗೆಯನ್ನು ಬಾರಿಸಿ ನೋಡಿ ಕೊಳ್ಳಬಹುದು. ಅಲಗಿನ ಗುಣ ಮಾತ್ರ ಕಣ್ಣಿಗೂ ಕಾಣದು, ಕಿವಿಗೂ ಕೇಳದು. ಕಮ್ಮಾರನು ಮೆತ್ತನೆಯ ಕಬ್ಬಿಣದ ಬೆನ್ನಿಗೆ ಉಕ್ಕಿನ ಬಾಯಿ ಬೆಸೆಯುತ್ತಾನೆ. ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಉಕ್ಕು ಗಡಸಾಗುತ್ತದೆ. ಆದರೆ ಗಾಜಿನಂತೆ ಪೆಡಸೂ ಆಗುತ್ತದೆ. ಮತ್ತೆ ಹದವಾಗಿ ಕಾಯಿಸಿದಾಗ ಅದರ ಮೈಮೇಲೆ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ಕೊನೆಗೆ ನೀಲಿ ಓಡುತ್ತವೆ. ಯಾವ ಬಣ್ಣಕ್ಕೆ ತಡೆದು ನಿಲ್ಲಿಸಬೇಕೆಂಬುದೇ ವಿದ್ಯೆ. ಒಂದು ಕ್ಷಣ ಮುಂಚಾದರೆ ಅಲಗು ಮುರಿದೀತು. ಒಂದು ಕ್ಷಣ ತಡವಾದರೆ ಮಡಿಚೀತು. ಸಾಣೆ ಹಿಡಿದು ಹೊಳಪು ಕೊಟ್ಟ ಮೇಲೆ ಹದವಾದುದಕ್ಕೂ ಹದಗೆಟ್ಟುದಕ್ಕೂ ನೋಟದಲ್ಲಿ ಭೇದವೇ ಇಲ್ಲ. ಭೇದ ತಿಳಿಯುವುದು ಸುಗ್ಗಿಯ ನಡುವೆ, ಬಿಳಿಜೋಳದ ಸಾಲಿನಲ್ಲಿ, ಆಳುಗಳು ಕೆಲಸ ನಿಲ್ಲಿಸಿ ಕುಳಿತಾಗ. ಆಗ ತಿಳಿದು ಪ್ರಯೋಜನವೇನು? ಆದ್ದರಿಂದ ಕೊಳ್ಳುವವನು ಅಲಗನ್ನು ನೋಡಿ ಕೊಳ್ಳಲಾರ. ಅಲಗು ಮಾಡಿದವನನ್ನು ನೋಡಿ ಕೊಳ್ಳುತ್ತಾನೆ. ನಿಷ್ಠೆಯ ಬೇರು ಇಲ್ಲಿದೆ.

ನಮ್ಮ ಹಳ್ಳಿಗಳ ಆಯದ ಪದ್ಧತಿ ಈ ನಂಬಿಕೆಗೆ ಒಂದು ಕಟ್ಟು ಒದಗಿಸಿತ್ತು. ಕಮ್ಮಾರನು ವರ್ಷವಿಡೀ ಕುಡಗೋಲು, ಕುಂಟೆಯ ಕುಡ, ಕೊಡಲಿಗಳನ್ನು ತಟ್ಟಿ ಕೊಡಬೇಕು; ರೈತನು ಕಣದಲ್ಲಿ ಕಾಳು ಅಳೆದು ಕೊಡಬೇಕು. ಕುಡಗೋಲು ಮುರಿದರೆ ಮರುದಿನ ಬೆಳಗ್ಗೆ ಅದನ್ನು ಕಮ್ಮಾರನ ಮುಂದೆಯೇ ಇಡಬಹುದಾಗಿತ್ತು. ಮಾಡಿದವನು ತನ್ನ ಕೆಲಸಕ್ಕೆ ಉತ್ತರ ಹೇಳಲೇಬೇಕು. ಆದರೆ ಈ ಪದ್ಧತಿಯನ್ನು ಬರಿದೆ ಕೊಂಡಾಡುವುದು ಸರಿಯಲ್ಲ. ಆಯ ಹುಟ್ಟಿನಿಂದ ಬಂದುದು. ರೈತನು ಕಮ್ಮಾರನನ್ನು ಆರಿಸಿಕೊಂಡಿರಲಿಲ್ಲ, ಕಮ್ಮಾರನು ಊರನ್ನು ಆರಿಸಿಕೊಂಡಿರಲಿಲ್ಲ. ಬರ ಬಿದ್ದರೆ ಕಣದ ಜೊತೆಗೆ ಕುಲುಮೆಯೂ ಬರಿದಾಗುತ್ತಿತ್ತು. ಆಯ್ಕೆಯಿಲ್ಲದ ಕಡೆ ಇರುವುದು ಕಟ್ಟುಪಾಡೇ ಹೊರತು ನಿಷ್ಠೆಯಲ್ಲ. ಪಕ್ಕದ ಊರಿನ ಕಮ್ಮಾರನ ಕೈಗುಣವನ್ನು ಕೇಳಿ, ಕಾಸು ಕೊಟ್ಟು, ಹರದಾರಿ ನಡೆದು ಹೋಗಿ ಕುಡಗೋಲು ಮಾಡಿಸಿಕೊಂಡು ಬಂದನಲ್ಲ, ಅವನದೇ ನಿಜವಾದ ನಿಷ್ಠೆ.

ಇಂಥ ನಿಷ್ಠೆ ನಮ್ಮ ನಾಡಿನ ಲೋಹಕ್ಕೆ ಕಡಲಾಚೆಯಲ್ಲಿಯೂ ದೊರೆತಿತ್ತೆಂದರೆ ಓದುಗರಿಗೆ ಆಶ್ಚರ್ಯವಾದೀತು. 1794ರಲ್ಲಿ ಮುಂಬಯಿಯ ಡಾ. ಹೆಲೆನಸ್ ಸ್ಕಾಟ್ ಎಂಬವರು ಭಾರತದ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದರು. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧ ಓದಿದರು. ಅಲ್ಲಿ ಅದಕ್ಕೆ ಬಿದ್ದ ಹೆಸರು ‘ವೂಟ್ಸ್’. ಇದು ಕನ್ನಡದ ‘ಉಕ್ಕು’ ಎಂಬ ಶಬ್ದದಿಂದಲೇ ಹುಟ್ಟಿದುದೆಂದು ಹಲವು ವಿದ್ವಾಂಸರ ಅಭಿಪ್ರಾಯ. ಲಂಡನ್ನಿನಲ್ಲಿ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕನಿದ್ದ. ಶಸ್ತ್ರವೈದ್ಯರ ಅಲಗುಗಳನ್ನೂ ಕ್ಷೌರದ ಕತ್ತಿಗಳನ್ನೂ ಮಾಡುತ್ತಿದ್ದ ಅವನು, ಹಲವು ವರ್ಷ ಹೋಲಿಸಿ ನೋಡಿದ ಮೇಲೆ ಯುರೋಪಿನ ಅತ್ಯುತ್ತಮ ಉಕ್ಕಿಗಿಂತಲೂ ಭಾರತದ ಈ ಉಕ್ಕೇ ಮೇಲೆಂದು ತನ್ನ ಅಂಗಡಿಯ ಕಾರ್ಡಿನಲ್ಲಿಯೇ ಅಚ್ಚು ಹಾಕಿಸಿದ್ದ. ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆ ಮುಂದೆ ಇದೇ ಸ್ಟೋಡಾರ್ಟನ ಜೊತೆ ಸೇರಿ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗ ನಡೆಸಿ 1820ರಲ್ಲಿಯೂ 1822ರಲ್ಲಿಯೂ ಲೇಖನ ಪ್ರಕಟಿಸಿದ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಎಳೆಯುತ್ತಿದ್ದ ಉಕ್ಕಿನ ತಂತಿ ಭಾರತದ ದೂರದ ಭಾಗಗಳಿಗೂ ಹೋಗುತ್ತಿತ್ತೆಂದು ಬರೆದಿದ್ದಾನೆ. ಮೂಸೆಯಲ್ಲಿ ಉಕ್ಕು ಕಾಯಿಸಿದವನ ಹೆಸರು ಮಾತ್ರ ಯಾವ ಕಾರ್ಡಿನಲ್ಲಿಯೂ ಅಚ್ಚಾಗಲಿಲ್ಲ.

ನೂರು ವರ್ಷಗಳೊಳಗೆ ಗಾಳಿ ತಿರುಗಿತು. 1884ರಲ್ಲಿ ಗದಗಿಗೆ ರೈಲು ಬಂದಿತು. ಕಡಲಾಚೆಯ ಅಗ್ಗದ ಕಬ್ಬಿಣವೂ ಸಿದ್ಧ ಚಾಕು ಕತ್ತರಿಗಳೂ ಒಳನಾಡಿನ ಪೇಟೆಗಳಿಗೆ ಸಲೀಸಾಗಿ ಹರಿದುಬರತೊಡಗಿದವು. ಇಂಗ್ಲೆಂಡಿನ ಶೆಫೀಲ್ಡ್ ಊರಿನಲ್ಲಿ ಚಾಕು ಮಾಡುವವರ ಸಂಘ 1624ರಷ್ಟು ಹಿಂದೆಯೇ ಸ್ಥಾಪನೆಯಾಗಿತ್ತು. ಪ್ರತಿಯೊಬ್ಬ ಕಸಬುದಾರನೂ ತನ್ನದೇ ಗುರುತನ್ನು ಅಲಗಿನ ಮೇಲೆ ಒತ್ತಬೇಕೆಂಬುದು ಅಲ್ಲಿಯ ಕಟ್ಟಳೆ. ಜೋಸೆಫ್ ರಾಜರ್ಸ್ ಮನೆತನದ ನಕ್ಷತ್ರ ಮತ್ತು ಶಿಲುಬೆಯ ಗುರುತು 1764ರಿಂದ ನಡೆದು ಬಂದುದು. ಕಮ್ಮಾರನ ಮುಖ ಕಾಣದ ಕಡೆ ಈ ಗುರುತೇ ಅವನ ಮುಖವಾಯಿತು. ಆದರೆ ಮುಖವನ್ನು ಕದಿಯಲಾಗದು, ಗುರುತನ್ನು ಕದಿಯಬಹುದು. ಜರ್ಮನಿಯ ಅಗ್ಗದ ಚಾಕುಗಳು ಶೆಫೀಲ್ಡಿನ ಹೆಸರು ಹೊತ್ತು ಬಂದಾಗ ಬ್ರಿಟಿಷರು 1887ರಲ್ಲಿ ಕಾಯಿದೆ ಮಾಡಬೇಕಾಯಿತು. 1889ರಲ್ಲಿ ಅಂಥದೇ ಕಾಯಿದೆ ಭಾರತಕ್ಕೂ ಬಂದಿತು.

ನಮ್ಮ ಕಡೆಯೇ ಮುಖವೂ ಗುರುತೂ ಒಂದಾಗಿದ್ದ ಉದಾಹರಣೆಯೊಂದಿದೆ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದ ಕಿರ್ಲೋಸ್ಕರರು ಮುಂದೆ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ಮಾಡತೊಡಗಿದರು. ಕಬ್ಬಿಣದ ನೇಗಿಲು ತಗುಲಿದರೆ ನೆಲಕ್ಕೆ ನಂಜೇರುತ್ತದೆಂದು ರೈತರು ಮೊದಲು ಅಂಜಿದರು. ಆ ಅಂಜಿಕೆ ಜಾಹೀರಾತಿನಿಂದಲೇ ಹೋಗುವಂಥದಲ್ಲ. ಪಕ್ಕದ ಹೊಲದಲ್ಲಿ ನೇಗಿಲು ನಡೆದುದನ್ನು ಕಂಡ ಮೇಲೆ ಹೋಗುವಂಥದು. ಒಮ್ಮೆ ನಂಬಿಕೆ ಕುದುರಿದ ಮೇಲೆ ಆ ಹೆಸರು ಮನೆಮಾತಾಯಿತು.

ಕೊಡಗಿನಲ್ಲಿ ಅಲಗಿನ ಮೇಲಿನ ಪ್ರೀತಿ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಮುಂದೆ ಸಿಕ್ಕಿಸುವ ಪೀಚೆಕತ್ತಿ, ಬೆನ್ನಿಗೆ ತೂಗುವ ಒಡಿಕತ್ತಿ ಕುಟುಂಬದ ಒಡವೆಗಳು. ಕೈಲ್‌ಪೊಳ್ದ್ ಹಬ್ಬದಲ್ಲಿ ಅವಕ್ಕೆ ಪೂಜೆ. ಅಲ್ಲಿ ನಿಷ್ಠೆ ಮಾಡಿದವನಿಗಿಂತ ಹಿಡಿದವರಿಗೆ, ಅಜ್ಜ ಮುತ್ತಜ್ಜರ ಕೈಗೆ ಸಲ್ಲುತ್ತದೆ.

ಇನ್ನು ನಮ್ಮ ತರುಣರ ಸ್ವಿಸ್ ಚಾಕು. 1884ರಲ್ಲಿ, ಗದಗಿಗೆ ರೈಲು ಬಂದ ವರ್ಷದಲ್ಲಿಯೇ, ಕಾರ್ಲ್ ಎಲ್ಸೆನರ್ ಎಂಬವನು ಈಬಾಕ್ ಎಂಬಲ್ಲಿ ಕುಲುಮೆ ಹೂಡಿದ. 1891ರಿಂದ ಸೈನ್ಯಕ್ಕೆ ಚಾಕು ಒದಗಿಸಿದ. 1909ರಲ್ಲಿ ತೀರಿಕೊಂಡ ತಾಯಿ ವಿಕ್ಟೋರಿಯಾಳ ಹೆಸರನ್ನು ತನ್ನ ಮಾಲಿಗೆ ಇಟ್ಟ. ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ 1921ರಲ್ಲಿ ಅದು ವಿಕ್ಟೋರಿನಾಕ್ಸ್ ಆಯಿತು. ತಾಯಿಯ ಹೆಸರನ್ನು ಅಲಗಿನ ಮೇಲೆ ಒತ್ತಿದವನು ಕಳಪೆ ಮಾಲು ಮಾಡಲು ಅಂಜಿಯಾನು ಎಂದು ಕೊಳ್ಳುವವರಿಗೆ ಅನಿಸಿದರೆ ಅದು ಸಹಜವೇ. ಕೆಟ್ಟರೆ ಸರಿಪಡಿಸಿ ಕೊಡುತ್ತೇವೆಂಬ ಅವರ ವಚನ ನಮ್ಮ ಆಯದ ಕಮ್ಮಾರನ ವಚನವೇ ತಾನೆ? ಹೊಸ ವೇಷದಲ್ಲಿ ಬಂದಿದೆ, ಅಷ್ಟೆ.

ಬಂಗಾರದ ಚೂರಿಯೆಂದು ಹೊಟ್ಟೆಗೆ ಇರಿದುಕೊಳ್ಳುತ್ತಾರೆಯೇ ಎಂಬ ಗಾದೆ ನಮ್ಮಲ್ಲಿದೆ. ಹೆಸರು ದೊಡ್ಡದೆಂದ ಮಾತ್ರಕ್ಕೆ ಅಲಗು ಹರಿತವಾಗದು. ಹೆಸರಿನ ಹಿಂದೆ ಉತ್ತರ ಹೇಳುವ ಮನುಷ್ಯನಿದ್ದರೆ ಮಾತ್ರ ನಿಷ್ಠೆಗೆ ಅರ್ಥ. ಈಗ ರಾಶಿಯ ಯಂತ್ರಗಳು ಹೊಲಕ್ಕೆ ಇಳಿದಿವೆ. ಸಿದ್ಧ ಕುಡಗೋಲುಗಳು ಸಂತೆಯಲ್ಲಿ ಕಟ್ಟುಗಟ್ಟಲೆ ಬಿದ್ದಿವೆ. ಹಳ್ಳಿಯ ಕುಲುಮೆಗಳು ಒಂದೊಂದಾಗಿ ಆರುತ್ತಿವೆ. ದೂರದ ಕಾರಖಾನೆ ಕೇಳಿದ ಬೆಲೆಯನ್ನು ಚಕಾರವೆತ್ತದೆ ತೆರುವ ನಾವು, ಅಡಕೊತ್ತಿಗೆ ಸಾಣೆ ಹಿಡಿದ ಕಮ್ಮಾರನೊಡನೆ ಐದು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಗುರುತಿಗೆ ಕೊಡುವ ಗೌರವವನ್ನು ಮುಖಕ್ಕೂ ಕೊಡುವುದಾದರೆ, ಉಳಿದಿರುವ ಕೆಲವು ಕುಲುಮೆಗಳಾದರೂ ಇನ್ನೊಂದು ತಲೆಮಾರಿನವರೆಗೆ ಉರಿದಾವು.