ಮುಜರಾಯಿ ಎಂಬ ಬಾಬತ್ತು

ಉರ್ದು ಬಲ್ಲ ಕಲಬುರಗಿಯವರಿಗೆ ‘ಮುಜರಾ’ ಎಂದರೆ ಮೊದಲು ಹೊಳೆಯುವುದು ದರ್ಬಾರಿನ ಸಲಾಮು, ಇಲ್ಲವೇ ಹಳೆಯ ಹಿಂದಿ ಸಿನಿಮಾದ ಕುಣಿತ. ಗುಡಿಗೂ ಅದಕ್ಕೂ ಏನು ನಂಟು? ನಂಟೇನೋ ಇದೆ, ಆದರೆ ಅದು ಲೆಕ್ಕದ ಪುಸ್ತಕದಲ್ಲಿ. ಕಂದಾಯದವರ ಭಾಷೆಯಲ್ಲಿ ಮುಜರಾ ಎಂದರೆ ಬರಬೇಕಾದ ಹಣದಲ್ಲಿ ಮುರಿದುಕೊಂಡದ್ದು, ವಜಾ. ಊರಿನ ಹುಟ್ಟುವಳಿಯಲ್ಲಿ ಗುಡಿಯ ದೀಪಕ್ಕೆ, ನೈವೇದ್ಯಕ್ಕೆ ಎಂದು ಇಷ್ಟು ವಜಾ ಹಾಕಿ ಉಳಿದದ್ದನ್ನು ಖಜಾನೆಗೆ ಕಟ್ಟುವುದು. ಮೈಸೂರು ಸಂಸ್ಥಾನದಲ್ಲಿ ಈ ಬಾಬತ್ತನ್ನು ನೋಡಿಕೊಂಡ ಇಲಾಖೆಗೆ ಅದೇ ಹೆಸರು ಅಂಟಿಕೊಂಡಿತು.

ಹಾಗಾಗಿ ಮುಜರಾಯಿ ನಮ್ಮ ಕಡೆಯ ಮಾತಲ್ಲ. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿದ್ದದ್ದು ‘ಉಮೂರ್-ಎ-ಮಜಹಬಿ’. ಮಸೀದಿಯ ಕಡತವೂ ಗುಡಿಯ ಕಡತವೂ ಆ ಒಂದೇ ಇಲಾಖೆಯವು. 1956ರಲ್ಲಿ ರಾಜ್ಯ ಒಂದಾದ ಮೇಲೆ ಬೆಂಗಳೂರಿನ ಮಾತು ಬಂತು. ಕಾನೂನು ಮಾತ್ರ ಹಳೆಯದೇ ಉಳಿಯಿತು. 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆ ಜಾರಿಗೆ ಬಂದದ್ದು 2003ರಲ್ಲಿ. ಅದು ರದ್ದು ಮಾಡಿದ ಪ್ರಾಂತವಾರು ಕಾನೂನುಗಳಲ್ಲಿ ಹೈದರಾಬಾದಿನ 1349 ಫಸಲಿಯ ದತ್ತಿ ನಿಯಮಗಳೂ ಇದ್ದವು. 1349 ಫಸಲಿ ಅಂದರೆ 1939–40. ಬಾಯಲ್ಲಿ ಮೈಸೂರಿನ ಪದ, ಕಡತದಲ್ಲಿ ನಿಜಾಮರ ನಿಯಮ: ಹೀಗೆಯೇ ನಾಲ್ಕು ದಶಕಗಳ ಮೇಲೆ ನಡೆದುಹೋಯಿತು!

ಈಗ ಇಲಾಖೆಯ ಹೆಸರು ‘ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿ ಇಲಾಖೆ’. ಇಷ್ಟುದ್ದ ಯಾರು ಹೇಳುತ್ತಾರೆ? ಪತ್ರಿಕೆಗಳಿಗೂ ಅದರ ಸಚಿವರು ಮುಜರಾಯಿ ಸಚಿವರೇ. ಕಮಲಾಪುರದ ಕಡೆ ಈ ಪದಕ್ಕೆ ಎರಡು ದನಿ. ‘ಗುಡಿ ಮುಜರಾಯಿಗಿ ಹೋಯ್ತು ನೋಡ್ರಿ’ ಎಂದರೆ ಹೊಲ ಹರಾಜಾದ ಸಂಕಟ. ಅದೇ ಗುಡಿಯ ಮಾಳಿಗೆ ಸೋರಿದರೆ, ‘ಮುಜರಾಯಿ ಗುಡಿ ಅದರಿ, ಸರ್ಕಾರನೇ ರೊಕ್ಕಾ ಕೊಡಬೇಕು’ ಎಂಬ ಹಕ್ಕು. ಎರಡೂ ಒಂದೇ ಬಾಯಿಂದ ಬರುವುದುಂಟು. ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ.

ದೇವರ ಹೊಲದ ಪಹಣಿ ತೆಗೆದು ನೋಡಿ. ಒಂಬತ್ತನೇ ಕಾಲಂನಲ್ಲಿ, ಉಳಿದ ರೈತರ ಹೆಸರಿರುವ ಕಡೆ, ಹನುಮಂತ ದೇವರೆಂದೋ ಬಸವಣ್ಣ ದೇವರೆಂದೋ ಇರುತ್ತದೆ. ತಂದೆಯ ಹೆಸರಿಲ್ಲ, ಆಧಾರ್ ಇಲ್ಲ. ಹನ್ನೆರಡನೇ ಕಾಲಂನಲ್ಲಿ ಉಳುವವನ ಹೆಸರು. ಕೋರ್ಟಿನ ಕಣ್ಣಿಗೆ ದೇವರು ಆಸ್ತಿಯುಳ್ಳ ಅಪ್ರಾಪ್ತ ವಯಸ್ಕ. ಅವನ ಪರವಾಗಿ ಯಾರಾದರೂ ಸಹಿ ಹಾಕಲೇಬೇಕು. ಯಾರು ಎಂಬುದೇ ಜಗಳ.

ಅಮೆರಿಕದಲ್ಲಿ ಈ ಜಗಳಕ್ಕೆ ಗೋಡೆಯ ಮಾತು ಹೇಳುತ್ತಾರೆ. ಚರ್ಚಿಗೂ ಸರ್ಕಾರಕ್ಕೂ ನಡುವೆ ಗೋಡೆ ಎಂದು ಅಧ್ಯಕ್ಷ ಜೆಫರ್‌ಸನ್ 1802ರಲ್ಲಿ ಒಂದು ಪತ್ರದಲ್ಲಿ ಬರೆದರು. ಅಲ್ಲಿನ ಕೋರ್ಟುಗಳು ಇಂದಿಗೂ ಅದರ ಎತ್ತರ ಅಳೆಯುತ್ತಿವೆ. ನಮ್ಮಲ್ಲೂ ಕೆ.ಟಿ. ಷಾ 1948ರಲ್ಲಿ ಸಂವಿಧಾನ ಸಭೆಯಲ್ಲಿ ಅಂಥದ್ದೊಂದು ತಿದ್ದುಪಡಿ ತಂದರು: ಪ್ರಭುತ್ವಕ್ಕೆ ಯಾವ ಧರ್ಮದ ಉಸಾಬರಿಯೂ ಬೇಡ. ಸಭೆ ಒಪ್ಪಲಿಲ್ಲ. ಒಪ್ಪಿದ್ದು 25ನೇ ವಿಧಿಯನ್ನು. ಅದರ ಪ್ರಕಾರ ಧರ್ಮಾಚರಣೆಗೆ ಅಂಟಿಕೊಂಡ ಹಣಕಾಸಿನ, ಲೌಕಿಕ ವ್ಯವಹಾರಕ್ಕೆ ಸರ್ಕಾರ ಕಾನೂನು ಮಾಡಬಹುದು. ಅಷ್ಟೇ ಅಲ್ಲ, ತಿರುವಾಂಕೂರಿನ ದೇವಸ್ವಂ ನಿಧಿಗೆ ಕೇರಳ ವರ್ಷಕ್ಕೆ ಕೊಡಬೇಕಾದ 46.5 ಲಕ್ಷ ರೂಪಾಯಿ ಸಂವಿಧಾನದೊಳಗೇ, 290ಎ ವಿಧಿಯಲ್ಲಿ, ಅಂಕಿಯ ಸಮೇತ ನಮೂದಾಗಿದೆ. ಮುಜರಾ ಎಂದರೆ ಇದೇ ತಾನೆ?

ಲೆಕ್ಕ ಎಲ್ಲಿ ಮುಗಿದು ಪೂಜೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಸುಪ್ರೀಂ ಕೋರ್ಟ್ ಮೊದಲು ಗಟ್ಟಿಯಾಗಿ ವಿಚಾರಿಸಿದ್ದು ಉಡುಪಿಯ ಶೀರೂರು ಮಠದ ಪ್ರಕರಣದಲ್ಲಿ, 1954ರಲ್ಲಿ. ಉಡುಪಿ ಆಗ ಮದ್ರಾಸಿಗೆ ಸೇರಿತ್ತು. ಧರ್ಮಕ್ಕೆ ಯಾವುದು ಅತ್ಯಗತ್ಯ ಎಂಬುದನ್ನು ಆ ಧರ್ಮದ ತತ್ವಗಳಿಂದಲೇ ತಿಳಿಯಬೇಕು ಎಂದಿತು ನ್ಯಾಯಾಲಯ. ಮದ್ರಾಸ್ ಸರ್ಕಾರ ಮಠಗಳ ಆದಾಯದಲ್ಲಿ ಪಡೆಯುತ್ತಿದ್ದ ಅಂಶ ಶುಲ್ಕವಲ್ಲ, ತೆರಿಗೆ ಎಂದು ಅದನ್ನು ಹೊಡೆದುಹಾಕಿತು.

ಆ ತಕರಾರು ಇನ್ನೂ ಹಸಿ. 2024ರ ಫೆಬ್ರುವರಿಯಲ್ಲಿ ಸರ್ಕಾರ ಒಂದು ಕೋಟಿಗಿಂತ ಹೆಚ್ಚು ಆದಾಯದ ದೇವಸ್ಥಾನಗಳಿಂದ ಶೇ 10ರಷ್ಟನ್ನು ಸಣ್ಣ ಗುಡಿಗಳಿಗೆ ನೆರವಾಗುವ ಸಾಮಾನ್ಯ ನಿಧಿಗೆ ಪಡೆಯುವ ಮಸೂದೆ ತಂದಾಗ ವಿಧಾನ ಪರಿಷತ್ತು ಅದನ್ನು ಸೋಲಿಸಿತು. 1997ರ ಮೂಲ ಕಾಯ್ದೆಯನ್ನೇ ತಾರತಮ್ಯವೆಂದು ಹೈಕೋರ್ಟ್ 2006ರಲ್ಲಿ ರದ್ದು ಮಾಡಿತ್ತು. ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದರಿಂದ ಅದು ಬದುಕಿದೆ. ಮಠಗಳನ್ನು ಹೊರಗಿಟ್ಟದ್ದು ಹೈಕೋರ್ಟಿಗೆ ಕಂಡ ದೋಷಗಳಲ್ಲೊಂದು. ಆ ಮಾತು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗಾಣಗಾಪುರದ ದತ್ತಾತ್ರೇಯ ಮುಜರಾಯಿಯವನು. ಕಲಬುರಗಿಯ ಶರಣಬಸವೇಶ್ವರ ತನ್ನ ಸಂಸ್ಥಾನದವನು. ಬಂದೇ ನವಾಜರ ದರ್ಗಾಕ್ಕೆ ಅದರದೇ ಪೀಠಾಧಿಪತಿ, ಸಜ್ಜಾದಾ ನಶೀನರಿದ್ದಾರೆ.

‘ದೇವಸ್ಥಾನಗಳನ್ನು ಸರ್ಕಾರದಿಂದ ಬಿಡಿಸಿ’ ಎನ್ನುವವರ ಕಣ್ಣು ಹುಂಡಿ ತುಂಬುವ ಗುಡಿಗಳ ಮೇಲೆ. ರಾಜ್ಯದ 34 ಸಾವಿರಕ್ಕೂ ಹೆಚ್ಚು ಮುಜರಾಯಿ ಗುಡಿಗಳಲ್ಲಿ ಬಹುಪಾಲು ಕಡಿಮೆ ಆದಾಯದ ‘ಸಿ’ ವರ್ಗದವು. ಅವುಗಳ ಅರ್ಚಕರು ನೋಡುವುದು ತಸ್ತೀಕಿನ, ಅಂದರೆ ಪೂಜೆಗೆಂದು ಸರ್ಕಾರ ವರ್ಷಾವರ್ಷ ಕೊಡುವ ಹಣದ ದಾರಿ. 2022ರ ಬಜೆಟ್ಟಿನಲ್ಲಿ ಅದು ವರ್ಷಕ್ಕೆ 48 ಸಾವಿರದಿಂದ 60 ಸಾವಿರವಾಯಿತು, ಅಂದರೆ ತಿಂಗಳಿಗೆ ಐದು ಸಾವಿರ. ಗೋಡೆ ಎದ್ದರೆ ಮೊದಲು ನಿಲ್ಲುವುದು ಅದೇ. ಆದ್ದರಿಂದ ನನಗೆ ಗೋಡೆ ಬೇಡ. ಹಾಗೆಂದು ಸರ್ಕಾರದ ಲೆಕ್ಕವನ್ನು ಸುಮ್ಮನೆ ನಂಬಬೇಕಿಲ್ಲ: ಹುಂಡಿಯಲ್ಲಿ ಸಿಕ್ಕಿದ್ದೆಷ್ಟು, ಸಾಮಾನ್ಯ ನಿಧಿಗೆ ಹೋದದ್ದೆಷ್ಟು, ಅದರಿಂದ ಯಾವ ಊರಿನ ಗುಡಿಗೆ ಎಷ್ಟು ಬಂತು ಎಂಬುದನ್ನು ಪ್ರತಿ ಮುಜರಾಯಿ ಗುಡಿಯ ಬಾಗಿಲ ಪಕ್ಕ, ಸೇವೆಗಳ ದರಪಟ್ಟಿ ಬರೆಸುವಷ್ಟೇ ದಪ್ಪ ಅಕ್ಷರದಲ್ಲಿ ಬರೆಸಲಿ.