ಗುರಿ ಸರಿ, ಪಿನ್ನು ಬೀಳಲಿಲ್ಲ

ಬೆಲ್ಲದ ಪೇಟೆಗೆ ಹೆಸರಾದ ಮಹಾಲಿಂಗಪುರದಲ್ಲಾಗಲಿ, ನೆರೆಯ ರಬಕವಿ-ಬನಹಟ್ಟಿಯಲ್ಲಾಗಲಿ ಲಗೋರಿ ಆಡಿ ಬೆಳೆದವರಿಗೆ ಒಂದು ಸತ್ಯ ಗೊತ್ತಿರುತ್ತದೆ. ಏಳು ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದ ಗುಡ್ಡೆಗೆ ಚೆಂಡು ತಾಗಿಸುವುದು ಅರ್ಧ ಕೆಲಸ ಮಾತ್ರ. ನಟ್ಟನಡುವೆ ಜೋರಾಗಿ ಹೊಡೆದರೆ ಕಲ್ಲುಗಳು ದಿಕ್ಕಾಪಾಲಾಗುತ್ತವೆ. ಅವನ್ನು ಮತ್ತೆ ಪೇರಿಸಬೇಕಾದವರು ಹೊಡೆದ ತಂಡದವರೇ. ಎದುರಾಳಿ ಚೆಂಡು ಹಿಡಿದು ಬೆನ್ನಟ್ಟುತ್ತಿರುವಾಗ ಹತ್ತು ಮಾರು ದೂರ ಬಿದ್ದ ಕಲ್ಲನ್ನು ತರುವುದು ಸುಲಭವಲ್ಲ. ಆದ್ದರಿಂದ ಜಾಣ ಆಟಗಾರ ಮೇಲಿನ ಒಂದೆರಡು ಕಲ್ಲುಗಳನ್ನಷ್ಟೇ ಹಗುರಾಗಿ ಸವರಿ ಬೀಳಿಸುತ್ತಾನೆ. ಗುರಿ ಸರಿಯಾಗಿದ್ದರೂ ಪೆಟ್ಟಿನ ಬಗೆ ತಪ್ಪಿದರೆ ಹೊಡೆದವನಿಗೇ ಸಂಕಷ್ಟ.

ಇದೇ ಮಾತು ಬೇರೆ ರೂಪದಲ್ಲಿ ಅನ್ವಯಿಸುವ ಇನ್ನೊಂದು ಆಟ ಟೆನ್‌ಪಿನ್ ಬೌಲಿಂಗ್. ಕರ್ನಾಟಕದಲ್ಲಿ ಇದು ಮುಖ್ಯವಾಗಿ ಬೆಂಗಳೂರಿನಂಥ ನಗರದ ಆಟ. ಅಲ್ಲಿನ ಚರ್ಚ್ ಸ್ಟ್ರೀಟ್‌ನ ಅಮೀಬಾ ಕೇಂದ್ರದಲ್ಲಿ ರಾಷ್ಟ್ರಮಟ್ಟದ ಪಂದ್ಯಗಳೂ ನಡೆದಿವೆ. ರಾಜ್ಯದ ಆಕಾಶ್ ಅಶೋಕ್ ಕುಮಾರ್ ರಾಷ್ಟ್ರೀಯ ಚಾಂಪಿಯನ್ ಪಟ್ಟ ಗೆದ್ದಿದ್ದಾರೆ. ಆದರೂ ನಮ್ಮಲ್ಲಿ ಹೆಚ್ಚಿನವರಿಗೆ ಈ ಆಟದ ಪರಿಚಯವಿರುವುದು ಸಿನಿಮಾದಲ್ಲಿ, ಇಲ್ಲವೇ ಮಾಲ್‌ನಲ್ಲಿ. ನೋಡುವವರಿಗೆ ಎಲ್ಲವೂ ಸರಳ. ಉದ್ದನೆಯ ನುಣುಪಾದ ಹಾದಿಯಲ್ಲಿ ಚೆಂಡು ಉರುಳಿಸಬೇಕು, ತುದಿಯಲ್ಲಿ ನಿಂತ ಹತ್ತು ಪಿನ್ನುಗಳನ್ನು ಉರುಳಿಸಬೇಕು. ಆದರೆ ಗುರಿಯಿಟ್ಟು ನೇರವಾಗಿ ಹೊಡೆದ ಚೆಂಡೇ ಕೆಲವೊಮ್ಮೆ ನಡುವಿನ ಪಿನ್ನುಗಳನ್ನೆಲ್ಲ ಕೊಚ್ಚಿಕೊಂಡು ಹೋಗಿ, ಎಡಕ್ಕೊಂದು ಬಲಕ್ಕೊಂದು ಪಿನ್ನನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಇದಕ್ಕೆ ‘ಸ್ಪ್ಲಿಟ್’ ಎಂದು ಹೆಸರು. ಮೊದಲ ಪಿನ್ನು ಬಿದ್ದು, ಉಳಿದ ಪಿನ್ನುಗಳ ನಡುವೆ ಅಥವಾ ಮುಂದೆ ತೆರಪು ಬಿದ್ದಿದ್ದರೆ ಅದು ಸ್ಪ್ಲಿಟ್. ಆಟಗಾರನ ಪಾಲಿಗೆ ಇದಕ್ಕಿಂತ ದೊಡ್ಡ ನಿರಾಸೆಯಿಲ್ಲ.

ಹೀಗೇಕಾಗುತ್ತದೆ? ಉತ್ತರದ ಒಂದು ಭಾಗ ಗಣಿತದಲ್ಲಿದೆ, ಇನ್ನೊಂದು ಭಾಗ ಆಟದ ಇತಿಹಾಸದಲ್ಲಿದೆ.

ತ್ರಿಕೋನದ ಮರ್ಮ

ಚೆಂಡು ಬಿಡುವ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ ದೂರ. ಹಾದಿಯ ಅಗಲ ಮೂರೂವರೆ ಅಡಿಗೆ ಸಮೀಪ. ಹತ್ತು ಪಿನ್ನುಗಳು ತ್ರಿಕೋನಾಕಾರದಲ್ಲಿ ನಿಲ್ಲುತ್ತವೆ: ಮುಂದೆ ಒಂದು, ಅದರ ಹಿಂದೆ ಎರಡು, ಆಮೇಲೆ ಮೂರು, ಕೊನೆಯ ಸಾಲಿನಲ್ಲಿ ನಾಲ್ಕು. ಎಡದಿಂದ ಬಲಕ್ಕೆ ಎಣಿಸುತ್ತ ಹೋದರೆ ಕೊನೆಯ ಸಾಲಿನ ಎರಡು ತುದಿಗಳಲ್ಲಿ 7 ಮತ್ತು 10ನೇ ಪಿನ್ನುಗಳು ಬರುತ್ತವೆ. ಪ್ರತಿ ಪಿನ್ನಿನ ಎತ್ತರ 15 ಅಂಗುಲ, ತೂಕ ಸುಮಾರು ಒಂದೂವರೆ ಕಿಲೋ. ಅಕ್ಕಪಕ್ಕದ ಪಿನ್ನುಗಳ ನಡುಬಿಂದುಗಳ ಅಂತರ 12 ಅಂಗುಲ. ಚೆಂಡಿನ ವ್ಯಾಸ ಸುಮಾರು ಎಂಟೂವರೆ ಅಂಗುಲ, ಅದರ ತೂಕ 16 ಪೌಂಡ್, ಅಂದರೆ ಸುಮಾರು 7.25 ಕಿಲೋ ಮೀರುವಂತಿಲ್ಲ.

ಈ ಲೆಕ್ಕದಲ್ಲೇ ಮೊದಲ ಸೋಜಿಗ ಅಡಗಿದೆ. ಒಂದೇ ಚೆಂಡು ಹತ್ತೂ ಪಿನ್ನುಗಳನ್ನು ತಾನೇ ಮುಟ್ಟಿ ಬೀಳಿಸಲಾರದು. ಬಲಗೈ ಆಟಗಾರನ ಅತ್ಯುತ್ತಮ ಹೊಡೆತದಲ್ಲೂ ಚೆಂಡು ಮುಟ್ಟುವುದು 1, 3, 5 ಮತ್ತು 9 ಎಂಬ ನಾಲ್ಕು ಪಿನ್ನುಗಳನ್ನು ಮಾತ್ರ. ಉಳಿದ ಆರನ್ನು ಬೀಳಿಸುವುದು ಪಿನ್ನುಗಳೇ. ಒಂದು ಎರಡನ್ನು ತಳ್ಳುತ್ತದೆ, ಎರಡು ನಾಲ್ಕನ್ನು, ನಾಲ್ಕು ಏಳನ್ನು. ಆ ಕಡೆ ಮೂರು ಆರನ್ನು ತಳ್ಳಿದರೆ, ಆರು ಹತ್ತನ್ನು ಕೆಡವುತ್ತದೆ. ಐದು ತನ್ನ ಹಿಂದಿನ ಎಂಟನ್ನು ಒಯ್ಯುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಅದರ ಕೊನೆಯ ಪಿನ್ನು ನಿಂತೇ ಇರುತ್ತದೆ.

ಆದ್ದರಿಂದಲೇ ಮೊದಲ ಪಿನ್ನಿನ ನೆತ್ತಿಗೆ ಗುರಿಯಿಟ್ಟವನಿಗೆ ಪೆಟ್ಟು ಬೀಳುವುದು. ಚೆಂಡು ನಡುಮಧ್ಯಕ್ಕೆ ತಾಗಿದರೆ ಮೊದಲ ಪಿನ್ನು ನೇರ ಹಿಂದಕ್ಕೆ ಹಾರುತ್ತದೆ, ಬದಿಯ ಪಿನ್ನುಗಳ ಗೊಡವೆಗೆ ಹೋಗುವುದಿಲ್ಲ. ಚೆಂಡು ಅದೇ ದಾರಿಯಲ್ಲಿ ನುಗ್ಗಿ ನಡುವನ್ನು ಗುಡಿಸಿ ಹಾಕುತ್ತದೆ. ಎಡದಲ್ಲಿ 4 ಮತ್ತು 7, ಬಲದಲ್ಲಿ 6 ಮತ್ತು 10 ಕಾವಲುಗಾರರಂತೆ ಉಳಿಯುತ್ತವೆ. ಹೊಸಬರು ‘ಇಷ್ಟು ನೇರವಾಗಿ ಹೊಡೆದೆನಲ್ಲ!’ ಎಂದು ಬೆರಗಾಗುತ್ತಾರೆ. ನೇರವಾಗಿ ಹೊಡೆದದ್ದೇ ತಪ್ಪು. ಬಲಗೈಯವರಿಗೆ ಸರಿಯಾದ ಗುರಿ 1 ಮತ್ತು 3ರ ನಡುವಿನ ಸಂದು, ಎಡಗೈಯವರಿಗೆ 1 ಮತ್ತು 2ರ ನಡುವಿನ ಸಂದು. ಇದನ್ನು ‘ಪಾಕೆಟ್’ ಎನ್ನುತ್ತಾರೆ.

ಆದರೆ ಪಾಕೆಟ್‌ಗೆ ತಾಗಿದ ಚೆಂಡೂ ಸ್ಪ್ಲಿಟ್ ಬಿಡುವುದುಂಟು. ಗೋಲಿ ಆಡಿದವರಿಗೆ ಇದರ ಕಾರಣ ಬೇಗ ಹೊಳೆಯುತ್ತದೆ. ಒಂದೇ ಗಾತ್ರದ ಗೋಲಿಗೆ ಗೋಲಿ ನೇರ ತಾಗಿದರೆ ಹೊಡೆದದ್ದು ನಿಲ್ಲುತ್ತದೆ, ಹೊಡೆಸಿಕೊಂಡದ್ದು ಓಡುತ್ತದೆ. ಓರೆಯಾಗಿ ತಾಗಿದರೆ ಎರಡೂ ಬೇರೆ ಬೇರೆ ದಿಕ್ಕು ಹಿಡಿಯುತ್ತವೆ. ಬೌಲಿಂಗ್ ಚೆಂಡು ಪಿನ್ನಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಭಾರವಿರುವುದರಿಂದ ಅದು ನಿಲ್ಲುವುದಿಲ್ಲ, ಆದರೆ ಪ್ರತಿ ಡಿಕ್ಕಿಗೂ ಸ್ವಲ್ಪ ವಾಲುತ್ತದೆ. 16 ಪೌಂಡಿನ ಚೆಂಡನ್ನು ಒಂದು ಪಿನ್ನು ಹೆಚ್ಚೆಂದರೆ ಸುಮಾರು 13 ಡಿಗ್ರಿಯಷ್ಟು ತಿರುಗಿಸಬಲ್ಲದು. 10 ಪೌಂಡಿನ ಚೆಂಡಾದರೆ ಈ ವಾಲುವಿಕೆ 20 ಡಿಗ್ರಿಗೆ ಏರುತ್ತದೆ. ಹಗುರ ಚೆಂಡು ಮೊದಲ ಪಿನ್ನಿಗೆ ತಾಗಿದೊಡನೆ ಬಲಕ್ಕೆ ಸರಿದುಹೋಗಿ, ನಡುವಿನ 5ನೇ ಪಿನ್ನನ್ನು ತಲುಪದೇ ಹೋಗಬಹುದು. ಆಗ 5 ಮತ್ತು 7, ಅಥವಾ 8 ಮತ್ತು 10 ಉಳಿಯುತ್ತವೆ. ಪ್ರೇಕ್ಷಕನ ಕಣ್ಣಿಗೆ ಗುರಿ ತಪ್ಪಿದಂತೆ ಕಾಣುವುದೇ ಇಲ್ಲ.

ಪರಿಣತರು ಹೇಳುವ ಪ್ರಕಾರ ಚೆಂಡು ಪಾಕೆಟ್‌ಗೆ ಸುಮಾರು 6 ಡಿಗ್ರಿ ಓರೆಯಲ್ಲಿ ಹೊಕ್ಕರೆ ಫಲ ಹೆಚ್ಚು. ಆದರೆ 60 ಅಡಿ ಉದ್ದ, ಮೂರೂವರೆ ಅಡಿ ಅಗಲದ ಹಾದಿಯಲ್ಲಿ ಅಂಚಿನಿಂದ ನೇರವಾಗಿ ಉರುಳಿಸಿದ ಚೆಂಡಿನ ಓರೆ 2 ಡಿಗ್ರಿಯನ್ನೂ ಮುಟ್ಟುವುದಿಲ್ಲ. ಹಾಗಾಗಿ ಚೆಂಡಿಗೆ ತಿರುಗು ಕೊಟ್ಟು, ಕೊನೆಯ ಕೆಲವು ಅಡಿಗಳಲ್ಲಿ ಅದು ಬಾಗುವಂತೆ ಮಾಡುವುದೇ ಈ ಆಟದ ವಿದ್ಯೆ. ನೇರ ಹಾದಿಯಲ್ಲಿ ನೇರ ಚೆಂಡು ಕೆಲಸಕ್ಕೆ ಬಾರದು!

ಮಠದಿಂದ ಮದ್ಯದಂಗಡಿಗೆ

ನಿಲ್ಲಿಸಿದ ವಸ್ತುವಿಗೆ ಚೆಂಡು ಉರುಳಿಸುವ ಚಪಲ ಬಲು ಹಳೆಯದು. ಇಂಗ್ಲೆಂಡಿನ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಈಜಿಪ್ಟಿನಲ್ಲಿ ಮಗುವೊಂದರ ಗೋರಿಯಿಂದ ಇಂಥ ಆಟದ ಸಾಮಾನುಗಳೆಂದು ತೋರುವ ಕಲ್ಲಿನ ವಸ್ತುಗಳನ್ನು ಹೊರತೆಗೆದಿದ್ದರು. ಅವುಗಳ ಕಾಲ ಐದು ಸಾವಿರ ವರ್ಷಗಳಿಗೂ ಹಿಂದಿನದು. ಜರ್ಮನಿಯಲ್ಲಿ ಈ ಆಟ ಮಠಗಳಲ್ಲಿ ಹುಟ್ಟಿತೆಂಬ ಐತಿಹ್ಯವಿದೆ. ಮರದ ಕೋಲನ್ನು ಪಾಪದ ಸಂಕೇತವಾಗಿ ನಿಲ್ಲಿಸಿ, ಅದನ್ನು ಉರುಳಿಸಿದವನು ಶುದ್ಧನಾದನೆಂದು ಭಾವಿಸುತ್ತಿದ್ದರಂತೆ. ಮುಂದೆ ಅಲ್ಲಿ ಒಂಬತ್ತು ಪಿನ್ನುಗಳ ಆಟ ಬೇರೂರಿತು. ವಜ್ರಾಕಾರದಲ್ಲಿ ಜೋಡಿಸಿದ ಆ ಒಂಬತ್ತರಲ್ಲಿ ನಡುವಿನದೇ ರಾಜ.

ಯುರೋಪಿನ ವಲಸಿಗರೊಂದಿಗೆ ಆಟ ಅಮೆರಿಕಕ್ಕೆ ಹೋಯಿತು, ಮದ್ಯದಂಗಡಿಗಳನ್ನು ಸೇರಿತು, ಜೂಜಿನ ಕಳಂಕ ಹೊತ್ತಿತು. 1841ರಲ್ಲಿ ಕನೆಕ್ಟಿಕಟ್ ರಾಜ್ಯ ಒಂಬತ್ತು ಪಿನ್ನಿನ ಆಟವನ್ನು ನಿಷೇಧಿಸಿತು. ಕಾನೂನಿನ ಕಣ್ಣಿಗೆ ಮಣ್ಣೆರಚಲು ಯಾರೋ ಹತ್ತನೆಯ ಪಿನ್ನು ಸೇರಿಸಿದರು ಎಂಬ ಕಥೆ ಇಂದಿಗೂ ಜನಪ್ರಿಯ. ಆದರೆ ಹತ್ತು ಪಿನ್ನಿನ ಆಟದ ಕುರುಹುಗಳು ಅದಕ್ಕೂ ಮೊದಲೇ ಇರುವುದರಿಂದ ಇದನ್ನು ಕಥೆಯೆಂದೇ ತಿಳಿಯುವುದು ಒಳಿತು. ನಿಷೇಧದ ಫಲವೋ ಅಲ್ಲವೋ, ವಜ್ರ ಹೋಗಿ ತ್ರಿಕೋನ ಬಂದದ್ದು ಆಟದ ಸ್ವಭಾವವನ್ನೇ ಬದಲಿಸಿತು. ವಜ್ರಾಕೃತಿ ಹಿಂದಕ್ಕೆ ಹೋದಂತೆ ಮತ್ತೆ ಕಿರಿದಾಗುತ್ತದೆ. ತ್ರಿಕೋನ ಅಗಲವಾಗುತ್ತಲೇ ಹೋಗುತ್ತದೆ. ಅದರ ಹಿಂದಿನ ಎರಡು ಮೂಲೆಗಳ ನಡುವೆ 3 ಅಡಿ ಅಂತರ. ದೊಡ್ಡ ಸ್ಪ್ಲಿಟ್‌ಗಳ ಬೀಜ ಬಿದ್ದದ್ದು ಆ ಮೂಲೆಗಳಲ್ಲಿಯೇ.

ಊರಿಗೊಂದು ಅಳತೆ, ಅಂಗಡಿಗೊಂದು ನಿಯಮ ಎಂಬ ಸ್ಥಿತಿ ಕೊನೆಗೊಂಡದ್ದು 1895ರ ಸೆಪ್ಟೆಂಬರ್ 9ರಂದು. ಅಂದು ನ್ಯೂಯಾರ್ಕಿನಲ್ಲಿ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ ಸ್ಥಾಪನೆಯಾಯಿತು. ಹಾದಿ, ಪಿನ್ನು, ಚೆಂಡು ಮತ್ತು ಅಂಕಗಳಿಗೆ ಒಂದೇ ಮಾನದಂಡ ಬಂದಿತು. ಅಂಕ ಪದ್ಧತಿಯಲ್ಲಿ ಸ್ಪ್ಲಿಟ್‌ನ ಶಿಕ್ಷೆಯೂ ಸ್ಪಷ್ಟವಾಯಿತು. ಮೊದಲ ಚೆಂಡಿಗೇ ಹತ್ತೂ ಬಿದ್ದರೆ ಅದು ಸ್ಟ್ರೈಕ್, ಮುಂದಿನ ಎರಡು ಚೆಂಡುಗಳ ಅಂಕವೂ ಅದಕ್ಕೆ ಸೇರುತ್ತದೆ. ಎರಡು ಚೆಂಡುಗಳಲ್ಲಿ ಬಿದ್ದರೆ ಅದು ಸ್ಪೇರ್, ಮುಂದಿನ ಒಂದು ಚೆಂಡಿನ ಅಂಕ ಸೇರುತ್ತದೆ. ಸ್ಪ್ಲಿಟ್ ಉಳಿದು ಎರಡೂ ತಪ್ಪಿದರೆ ಬಿದ್ದ ಪಿನ್ನಿಗಷ್ಟೇ ಅಂಕ. ಹನ್ನೆರಡು ಸ್ಟ್ರೈಕ್ ಒಟ್ಟಿಗೇ ಬಂದರೆ ಸಿಗುವುದು ಗರಿಷ್ಠ 300. ಒಂದು ಸ್ಪ್ಲಿಟ್ ಆ ಸರಪಳಿಯನ್ನೇ ಕಡಿಯುತ್ತದೆ.

ಪಿನ್ನು ನಿಲ್ಲಿಸಿದ ಮಕ್ಕಳು

ಈ ಇತಿಹಾಸದಲ್ಲಿ ಯಾರೂ ಚಪ್ಪಾಳೆ ತಟ್ಟದ ಪಾತ್ರವೊಂದಿದೆ. ಬಿದ್ದ ಪಿನ್ನುಗಳನ್ನು ಎತ್ತಿ ನಿಲ್ಲಿಸಲು, ಚೆಂಡನ್ನು ಹಿಂದಿರುಗಿಸಲು ಹಾದಿಯ ತುದಿಯ ಗುಂಡಿಯಲ್ಲಿ ಹುಡುಗರನ್ನು ಇಟ್ಟುಕೊಳ್ಳುತ್ತಿದ್ದರು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಛಾಯಾಗ್ರಾಹಕ ಲೂಯಿಸ್ ಹೈನ್ ಬಾಲಕಾರ್ಮಿಕರ ಚಿತ್ರಗಳನ್ನು ತೆಗೆಯುತ್ತ ಊರೂರು ತಿರುಗಿದಾಗ ಈ ಪಿನ್ ಹುಡುಗರನ್ನೂ ಸೆರೆಹಿಡಿದರು. ರಾತ್ರಿ ಸರಿಯುವವರೆಗೂ ಬಗ್ಗಿ ಏಳುವ ಕೆಲಸ, ಹಾರಿಬರುವ ಪಿನ್ನುಗಳ ಭಯ, ಕೈಗೆ ಬರುವುದು ಚಿಲ್ಲರೆ ಕಾಸು.

ಆಟದ ನ್ಯಾಯವೂ ಆ ದಣಿದ ಕೈಗಳನ್ನು ಅವಲಂಬಿಸಿತ್ತು. ಕೈಯಿಂದ ನಿಲ್ಲಿಸಿದ ಪಿನ್ನು ತನ್ನ ಗುರುತಿನಿಂದ ಅರ್ಧ ಅಂಗುಲ ಸರಿದರೂ ಡಿಕ್ಕಿಯ ಕೋನ ಬದಲಾಗುತ್ತದೆ. ಒಂದು ಕೊಂಡಿ ಕಳಚಿ, ಒಳ್ಳೆಯ ಹೊಡೆತ ಸ್ಪ್ಲಿಟ್ ಆಗಬಹುದು. 1946ರಲ್ಲಿ ಎಎಂಎಫ್ ಕಂಪನಿ ಪಿನ್ನು ನಿಲ್ಲಿಸುವ ಯಂತ್ರವನ್ನು ಪ್ರದರ್ಶಿಸಿತು. 1950ರ ದಶಕದಲ್ಲಿ ಅದು ಎಲ್ಲೆಡೆ ಹರಡಿತು. ಪಿನ್ನುಗಳ ಜಾಗ ನಿಖರವಾಯಿತು, ಗುಂಡಿಯ ಹುಡುಗರು ಮರೆಯಾದರು.

ಕಾಣದ ಎಣ್ಣೆ

ಚೆಂಡಿನ ಇತಿಹಾಸವೂ ಸ್ಪ್ಲಿಟ್‌ನೊಂದಿಗಿನ ಹೋರಾಟವೇ. ಮೊದಲು ಗಟ್ಟಿ ಮರದ ಚೆಂಡುಗಳಿದ್ದವು. 1905ರ ಸುಮಾರಿಗೆ ರಬ್ಬರಿನವು ಬಂದವು, 1960ರ ದಶಕದಲ್ಲಿ ಪಾಲಿಯೆಸ್ಟರ್, 1980ರ ದಶಕದಲ್ಲಿ ಯುರೇಥೇನ್, 1990ರ ದಶಕದ ಆರಂಭದಲ್ಲಿ ರಾಳ ಬೆರೆಸಿದ ಹೊಸ ಬಗೆಯ ಚೆಂಡು. ಪ್ರತಿ ಹಂತದಲ್ಲೂ ಉದ್ದೇಶ ಒಂದೇ: ಹಾದಿಯನ್ನು ಹೆಚ್ಚು ಕಚ್ಚಿ ಹಿಡಿದು, ಹೆಚ್ಚು ಬಾಗಿ, ಪಾಕೆಟ್‌ಗೆ ಹೆಚ್ಚು ಓರೆಯಲ್ಲಿ ಹೊಗುವುದು.

ಇದಕ್ಕೆ ಎದುರಾಗಿ ನಿಂತಿರುವುದು ಎಣ್ಣೆ. ಮರದ ಹಾದಿ ಸವೆಯದಿರಲೆಂದು ಸವರುತ್ತಿದ್ದ ಎಣ್ಣೆ ಇಂದು ಆಟದ ಅಂಗವೇ ಆಗಿದೆ. ಸಾಮಾನ್ಯವಾಗಿ ಮೊದಲ 40 ಅಡಿಯಷ್ಟು ಎಣ್ಣೆ, ಉಳಿದದ್ದು ಒಣ. ಎಣ್ಣೆಯ ಮೇಲೆ ಜಾರಿದ ಚೆಂಡು ಒಣ ಭಾಗದಲ್ಲಿ ಬಾಗುತ್ತದೆ. ಆದರೆ ಪ್ರತಿ ಚೆಂಡೂ ಒಂದಿಷ್ಟು ಎಣ್ಣೆಯನ್ನು ಒರೆಸಿಕೊಂಡು ಹೋಗುತ್ತದೆ. ಹತ್ತನೆಯ ಚೆಂಡಿಗೆ ಸಿಗುವ ಹಾದಿ ಮೊದಲನೆಯದಕ್ಕೆ ಸಿಕ್ಕ ಹಾದಿಯಲ್ಲ. ಅದೇ ಕೈ, ಅದೇ ವೇಗ, ಅದೇ ಗುರಿ. ಆದರೂ ಚೆಂಡು ಬೇಗ ಬಾಗಿದರೆ ಮೊದಲ ಪಿನ್ನಿನ ನೆತ್ತಿಗೆ ಬಡಿಯುತ್ತದೆ, ತಡವಾಗಿ ಬಾಗಿದರೆ ಶಕ್ತಿಗುಂದಿ ಸರಿದುಹೋಗುತ್ತದೆ. ಎರಡರ ಫಲವೂ ಸ್ಪ್ಲಿಟ್ ಆಗಬಹುದು.

ಎಲ್ಲಕ್ಕಿಂತ ಕುಖ್ಯಾತವಾದದ್ದು 7 ಮತ್ತು 10 ಉಳಿಯುವ ಸ್ಪ್ಲಿಟ್. ಎರಡೂ ಒಂದೇ ಸಾಲಿನಲ್ಲಿರುವುದರಿಂದ ಮುಂದಿನಿಂದ ಬಂದ ಚೆಂಡು ಒಂದನ್ನು ಹಿಂದಕ್ಕೆ ತಳ್ಳಬಹುದೇ ಹೊರತು ನೇರ ಪಕ್ಕಕ್ಕೆ ತಳ್ಳಲಾರದು. ಬಡಿದ ಪಿನ್ನು ಗೋಡೆಗೋ ಹಿಂಬದಿಗೋ ತಾಗಿ ಪುಟಿದು ಬಂದು ಇನ್ನೊಂದನ್ನು ಬೀಳಿಸಬೇಕು. ಅಮೆರಿಕದ ವೃತ್ತಿಪರರ ಟಿ.ವಿ. ಪಂದ್ಯಗಳಲ್ಲಿ ಮಾರ್ಕ್ ರಾತ್ 1980ರಲ್ಲಿ ಇದನ್ನು ಮೊದಲ ಬಾರಿ ಸಾಧಿಸಿದರು. 1991ರಲ್ಲಿ ಇನ್ನಿಬ್ಬರು ಸಾಧಿಸಿದರು. ಆಮೇಲೆ ಮೂವತ್ತು ವರ್ಷ ಯಾರಿಗೂ ಆಗಲಿಲ್ಲ. 2021ರಲ್ಲಿ ಆ ಬರ ನೀಗಿಸಿದವರು ಆಂಥನಿ ನ್ಯೂಯರ್ ಎಂಬ 18ರ ತರುಣ.

ಬೌಲಿಂಗ್ 1978ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಸ್ಥಾನ ಪಡೆಯಿತು. ನಮ್ಮ 1982ರ ದೆಹಲಿ ಕೂಟದಲ್ಲಿ ಅದು ಇರಲಿಲ್ಲ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಆಟವಾಗಿಯಷ್ಟೇ ಕಾಣಿಸಿಕೊಂಡಿತು. ಇತ್ತೀಚೆಗೆ ಪಿನ್ನಿನ ತಲೆಗೆ ದಾರ ಕಟ್ಟಿ ಮೇಲೆಳೆಯುವ ಅಗ್ಗದ ಯಂತ್ರಗಳು ಹರಡುತ್ತಿವೆ. ದಾರ ಕಟ್ಟಿದ ಪಿನ್ನು ಮುಕ್ತವಾಗಿ ಹಾರಲಾರದು. ಹಾರದ ಪಿನ್ನು ಪಕ್ಕದ ಪಿನ್ನನ್ನು ಕೆಡವುವ ಬಗೆಯೇ ಬೇರೆ. ಹಾಗಾಗಿ ಅಮೆರಿಕದ ಬೌಲಿಂಗ್ ಆಡಳಿತ ಸಂಸ್ಥೆ 2023ರಲ್ಲಿ ಅದಕ್ಕೆ ಮಾನ್ಯತೆ ನೀಡಿದರೂ ಪ್ರತ್ಯೇಕ ವಿಭಾಗವಾಗಿಯೇ ಇಟ್ಟಿತು. ಒಂದು ದಾರದಿಂದ ಆಟವೇ ಬೇರೆಯಾಗುವುದಾದರೆ, ಆಟಗಾರನ ಕೈಯಲ್ಲಿರುವುದು ಗುರಿಯವರೆಗಿನ ದಾರಿ ಮಾತ್ರ. ಅದರಾಚೆಗಿನ ನಿರ್ಧಾರ ಪಿನ್ನುಗಳದ್ದು.