ಡಬ್ಬಿ ಬಿಚ್ಚಿದರೆ ಊರು ಗೊತ್ತಾಗುತ್ತದೆ

ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿಯ ನಾಲ್ಕು ಸ್ಕ್ರೂ ಬಿಚ್ಚಿದರೆ ಸಾಕು, ಅದು ಯಾವ ಕಡೆಯಿಂದ ಬಂತು ಅಂತ ಹೇಳಬಲ್ಲೆ. ಸಿರುಗುಪ್ಪದ ಅಕ್ಕಿ ಗಿರಣಿಯದಾದರೆ ಫ್ಯಾನಿನ ರೆಕ್ಕೆಗೆ ತೌಡು ಮೆತ್ತಿರುತ್ತದೆ. ಬಳ್ಳಾರಿಯ ಜೀನ್ಸ್ ಹೊಲಿಯುವ ಶೆಡ್ಡಿನದಾದರೆ ನೀಲಿ ನೂಲಿನ ಎಳೆಗಳು ಒಳಗೆ ಗೂಡು ಕಟ್ಟಿರುತ್ತವೆ. ಅದಿರು ಲಾರಿ ಓಡಾಡುವ ರಸ್ತೆ ಬದಿಯದಾದರೆ ಕೆಂಪು ಧೂಳು. ಕುರುಗೋಡಿನದರಲ್ಲಿ ಮಾತ್ರ ಹಲ್ಲಿ ಸತ್ತಿರುತ್ತದೆ. ಯಾಕೆ ಅಂತ ಇಪ್ಪತ್ತೈದು ವರ್ಷವಾದರೂ ತಿಳಿದಿಲ್ಲ.

ನಾನು ಬಳ್ಳಾರಿಯ ಬೆಂಗಳೂರು ರಸ್ತೆ ಹತ್ತಿರದ ಒಂದು ರಿಪೇರಿ ಅಂಗಡಿಗೆ ಸೇರಿದ್ದು 1999ರಲ್ಲಿ. ಇಂಟೆಲ್ ಕಂಪನಿ 1995ರಲ್ಲೇ ಎಟಿಎಕ್ಸ್ ಮಾದರಿ ತಂದಿದ್ದರೂ ನಮ್ಮ ಮೇಜಿನ ಮೇಲೆ ಇನ್ನೂ ಹಳೆಯ ಎಟಿ ಮಾದರಿಯ ಡಬ್ಬಿಗಳದೇ ರಾಜ್ಯ. ಐಬಿಎಂನ 1981ರ ಮೊದಲ ಪಿಸಿಗೆ 63.5 ವ್ಯಾಟ್ ಸಾಕಾಗಿತ್ತು. 1984ರ ಪಿಸಿ ಎಟಿಗೆ 192 ವ್ಯಾಟ್ ಬೇಕಾಯಿತು. ನಮ್ಮಲ್ಲಿಗೆ ಬರುತ್ತಿದ್ದವು ಅದರ ಸಂತಾನ. ಅವುಗಳಿಂದ ಮದರ್‌ಬೋರ್ಡಿಗೆ ಎರಡು ಕನೆಕ್ಟರ್ ಹೋಗುತ್ತಿದ್ದವು, ಪಿ8 ಮತ್ತು ಪಿ9. ಅದಲು ಬದಲಾದರೆ ಬೋರ್ಡಿನ ಕತೆ ಮುಗಿಯಿತು. "ಕರಿ ವೈರಿನ ಮಗ್ಗುಲಿಗೆ ಕರಿ ವೈರು ಬರಬೇಕು ನೋಡಪಾ" ಅಂತ ಓನರ್ ಮೊದಲ ದಿನವೇ ಹೇಳಿದ್ದರು. ನಾನು ಕಲಿತ ಮೊದಲ ಪಾಠ ಅದು.

2001ರ ಸುಮಾರಿಗೆ ಭೂಮಿ ಯೋಜನೆ ತಾಲ್ಲೂಕು ಕಚೇರಿಗಳಿಗೆ ಬಂತು. ಗ್ರಾಮ ಲೆಕ್ಕಿಗರ ಕೈಬರಹದ ಪಹಣಿ ಹೋಗಿ 15 ರೂಪಾಯಿಗೆ ಕಂಪ್ಯೂಟರ್ ಪಹಣಿ ಸಿಗತೊಡಗಿತು. ಸಿರುಗುಪ್ಪದಲ್ಲಿ ಅರ್ಜಿ ಟೈಪ್ ಮಾಡುವ ಅಂಗಡಿಗಳು ಒಂದೊಂದಾಗಿ ಎದ್ದವು. ಕುರುಗೋಡು ತಾಲ್ಲೂಕಾದದ್ದು 2018ರಲ್ಲಿ. ಯೋಜನೆ ಬಂದ ಹೊಸತರಲ್ಲಿ ಅಲ್ಲಿನ ರೈತರು ಪಹಣಿಗೂ ಬಳ್ಳಾರಿಗೇ ಬರಬೇಕಿತ್ತು. ಹಾಗೆ ಬರುವಾಗ ಊರಿನ ಅಂಗಡಿಯ ಕೆಟ್ಟ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದರು.

ಡಬ್ಬಿಗಳು ಅಷ್ಟೊಂದು ಸಾಯುತ್ತಿದ್ದುದು ಯಾಕೆ? ಸಿರುಗುಪ್ಪಕ್ಕೆ ಹೋಗಿ ಒಂದು ಸಂಜೆ ಕೂತಾಗ ಗೊತ್ತಾಯಿತು. ತ್ರೀ ಫೇಸ್ ಹೋಗಿ ಸಿಂಗಲ್ ಫೇಸ್ ಉಳಿದ ಕೂಡಲೇ ಭತ್ತದ ಗದ್ದೆಗಳ ಪಂಪುಗಳು ಕಂಡೆನ್ಸರ್ ಹಾಕಿಕೊಂಡು ಅದರಲ್ಲೇ ಓಡತೊಡಗುತ್ತಿದ್ದವು. ನನ್ನ ಮೀಟರಿನಲ್ಲಿ 230 ಇರಬೇಕಾದಲ್ಲಿ 160 ತೋರಿಸಿತು. ರೈತರ ಮೇಲೆ ನನಗೆ ಸಿಟ್ಟಿಲ್ಲ, ಪೈರು ಒಣಗುವಾಗ ಯಾರಾದರೂ ಅದನ್ನೇ ಮಾಡುತ್ತಾರೆ. ವೋಲ್ಟೇಜ್ ಇಳಿದಷ್ಟೂ ಎಸ್‌ಎಂಪಿಎಸ್ ಅದೇ ಕೆಲಸಕ್ಕೆ ಹೆಚ್ಚು ಆಂಪಿಯರ್ ಎಳೆಯುತ್ತದೆ, ಒಳಗಿನ ಟ್ರಾನ್ಸಿಸ್ಟರ್ ಕಾಯುತ್ತದೆ. ಕರೆಂಟ್ ಒಂದು ಕ್ಷಣ ಕಣ್ಣು ಮುಚ್ಚಿದರೆ ಯಂತ್ರವನ್ನು ನಡೆಸುವುದು ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಉಳಿದದ್ದು. ಕಾಲುವೆ ನಿಂತರೂ ತೊಟ್ಟಿಯಲ್ಲಿ ನೀರಿದ್ದಂತೆ. ಒಳ್ಳೆಯ ಡಬ್ಬಿ ಸುಮಾರು 16 ಮಿಲಿಸೆಕೆಂಡ್ ತಡೆಯಬೇಕು. ಅಗ್ಗದ ಡಬ್ಬಿಯಲ್ಲಿ ತೊಟ್ಟಿಯೇ ಸಣ್ಣದು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಅರ್ಧ ಅರ್ಜಿ ಅಲ್ಲೇ ಮಾಯ.

ಡಬ್ಬಿಯ ಹಿಂಬದಿಯಲ್ಲಿ ಒಂದು ಕೆಂಪು ಸ್ವಿಚ್ ಇರುತ್ತಿತ್ತು, 115 ಒಂದು ಕಡೆ, 230 ಇನ್ನೊಂದು ಕಡೆ. ಕುರುಗೋಡಿನ ಒಂದು ಅಂಗಡಿಯಲ್ಲಿ ಓನರ್ ಮಗ ಆಟಕ್ಕೆ ಅದನ್ನು 115ಕ್ಕೆ ಸರಿಸಿದ. ಆ ಕಡೆ ಇಟ್ಟರೆ ಒಳಬಂದ ವೋಲ್ಟೇಜ್ ಎರಡು ಪಟ್ಟಾಗುವ ಜೋಡಣೆ ಅದು. 200 ವೋಲ್ಟಿನ ಎರಡು ಕೆಪಾಸಿಟರ್‌ಗಳ ಮೇಲೆ 600 ದಾಟಿ ಬಿದ್ದರೆ ಏನಾದೀತು? ದೀಪಾವಳಿ. "ಅಣ್ಣಾ, ಹೊಗಿ ಬಂತು, ಇನ್ನೂ ಗ್ಯಾರಂಟಿ ಐತಿ ಅಲ್ಲಾ?" ಅಂತ ಫೋನು.

ಹೋಲಿಸಿ ಕೊಳ್ಳುವ ನಮ್ಮ ಮೊದಲ ವಿಧಾನ ತೂಕ. ನಗಬೇಡಿ. ಒಳಗೆ ತಾಮ್ರ, ಅಲ್ಯೂಮಿನಿಯಂ ಇದ್ದರೆ ಡಬ್ಬಿ ಕೈ ಜಗ್ಗುತ್ತದೆ. ಹಗುರವಾದದ್ದನ್ನು ಬಿಚ್ಚಿದರೆ ಫಿಲ್ಟರ್ ಕಾಯಿಲ್ ಇರಬೇಕಾದ ಜಾಗ ಖಾಲಿ, ಬದಲಿಗೆ ಒಂದು ವೈರ್ ಜಂಪರ್. ಎರಡನೆಯದು ಸ್ಟಿಕ್ಕರ್ ಓದುವುದು. 2000ದ ಕೊನೆಗೆ ಪೆಂಟಿಯಂ 4 ಬಂದ ಮೇಲೆ ಭಾರವೆಲ್ಲ ಕೆಂಪು ವೈರಿನ 5 ವೋಲ್ಟಿನಿಂದ ಹಳದಿ ವೈರಿನ 12 ವೋಲ್ಟಿಗೆ ಸರಿಯಿತು. ದೊಡ್ಡಕ್ಷರದಲ್ಲಿ 450 ವ್ಯಾಟ್ ಅಂತ ಬರೆದ ಡಬ್ಬಿಯಲ್ಲಿ 12 ವೋಲ್ಟಿನ ಎದುರಿಗೆ 14 ಆಂಪಿಯರ್ ಅಂತಿದ್ದರೆ ಗುಣಿಸಿ ನೋಡಿ: 168 ವ್ಯಾಟ್. ಉಳಿದದ್ದು ಬಹುಪಾಲು ಸ್ಟಿಕ್ಕರಿನ ಬಾಯಿಮಾತು.

2004ರಲ್ಲಿ ಅಮೆರಿಕದಲ್ಲಿ 80 ಪ್ಲಸ್ ಗುರುತು ಶುರುವಾಯಿತು. ಭಾರ ಶೇ 20, 50, 100 ಇದ್ದಾಗಲೂ ಒಳಬಂದ ಕರೆಂಟಿನಲ್ಲಿ ಶೇ 80 ಆದರೂ ಯಂತ್ರಕ್ಕೆ ತಲುಪಬೇಕು ಅನ್ನುವ ಲೆಕ್ಕ. ಅದನ್ನು ಜನ ಬಿಲ್ ಉಳಿತಾಯ ಅಂತ ನೋಡುತ್ತಾರೆ. ಬಳ್ಳಾರಿಯಲ್ಲಿ ಅದು ಬಿಸಿಲಿನ ಪ್ರಶ್ನೆ. ತಲುಪದೆ ಉಳಿದದ್ದೆಲ್ಲ ಡಬ್ಬಿಯೊಳಗೇ ಶಾಖ. ಹೊರಗೆ ಆಗಲೇ 42 ಡಿಗ್ರಿ. 10 ಡಿಗ್ರಿ ಏರಿದರೆ ಕೆಪಾಸಿಟರ್ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳೇ ನಮ್ಮ ಸುಗ್ಗಿ.

ಹೊಸಪೇಟೆ ದಾರಿಯ ಕುಡುತಿನಿಯಲ್ಲಿ 2007ರ ಡಿಸೆಂಬರಿನಲ್ಲಿ 500 ಮೆಗಾವ್ಯಾಟ್‌ನ ಮೊದಲ ಉಷ್ಣ ವಿದ್ಯುತ್ ಘಟಕ ಶುರುವಾದಾಗ ನಮ್ಮ ದಂಧೆ ಮುಗಿಯಿತು ಅಂದರು. ಈಗ ಅಲ್ಲಿ 1700 ಮೆಗಾವ್ಯಾಟ್ ಸಾಮರ್ಥ್ಯ. ಅಲ್ಲಿನ ಕರೆಂಟ್ ಗ್ರಿಡ್ಡಿಗೆ ಹೋಗುತ್ತದೆ; ಪಕ್ಕದ ಊರಿಗೆ ಮೊದಲ ಪಾಲು ಅಂತೇನಿಲ್ಲ. ಸಾವು ಕಡಿಮೆ ಮಾಡಿದ್ದು, ಕರೆಂಟ್ ಎಳೆಯುವ ರೀತಿಯನ್ನು ತಿದ್ದುವ ಆಕ್ಟಿವ್ ಪಿಎಫ್‌ಸಿ ಜೋಡಣೆ ಇರುವ ಡಬ್ಬಿಗಳು. ಅವುಗಳಲ್ಲಿ ಹಲವು 100ರಿಂದ 240 ವೋಲ್ಟಿನವರೆಗೆ ತಾವೇ ಹೊಂದಿಕೊಳ್ಳುತ್ತವೆ, ಕೆಂಪು ಸ್ವಿಚ್ಚೇ ಇಲ್ಲ. ಅಗ್ಗದ ಯುಪಿಎಸ್ ಜೊತೆ ಕೆಲವೊಮ್ಮೆ ಮುನಿಸಿಕೊಳ್ಳುತ್ತವೆ, ಅಷ್ಟೇ.

ಸಿರುಗುಪ್ಪದ ಒಂದು ಗಿರಣಿಯ ವೇಬ್ರಿಡ್ಜ್ ಕಂಪ್ಯೂಟರಿನ ಡಬ್ಬಿ ಮಾತ್ರ 2006ರದು. ವರ್ಷಕ್ಕೊಮ್ಮೆ ಬರುತ್ತದೆ, ತೌಡು ಊದಿ, ಫ್ಯಾನಿಗೆ ಎಣ್ಣೆ ಬಿಟ್ಟು ಕಳಿಸುತ್ತೇನೆ. ಅದರ ತೂಕ ಎರಡು ಕಿಲೋ ನೂರು ಗ್ರಾಂ.